ಬೆಂಕಿಯ ಬಳಿಕ ಎದ್ದ ಪಾದ್ರಿಮನೆ

ಪ್ರಶ್ನೆ: ಇಂಗ್ಲೆಂಡಿನ ಹಳ್ಳಿಗಳಲ್ಲಿ ಪಾದ್ರಿಗಳ ವಾಸಕ್ಕೆಂದು ಕಟ್ಟಿದ ‘ರೆಕ್ಟರಿ’ಗಳ ವಾಸ್ತುಶೈಲಿ ಹೇಗಿರುತ್ತಿತ್ತು?

ಉತ್ತರ: ಲಿಂಕನ್‌ಶೈರಿನ ಎಪ್‌ವರ್ತ್ ರೆಕ್ಟರಿಯನ್ನೇ ನೋಡೋಣ. ಮರದ ಚೌಕಟ್ಟಿಗೆ ಗಾರೆ ಮೆತ್ತಿ, ಮೇಲೆ ಹುಲ್ಲು ಹೊದಿಸಿದ್ದ ಹಳೆಯ ಮೂರಂತಸ್ತಿನ ಮನೆ 1709ರ ಫೆಬ್ರವರಿಯ ಒಂದು ರಾತ್ರಿ ಸುಟ್ಟುಹೋಯಿತು. ಮೆಟ್ಟಿಲಿಗೆ ಬೆಂಕಿ ಹತ್ತಿದ್ದರಿಂದ ಮಹಡಿಯಲ್ಲೇ ಉಳಿದ ಐದು ವರ್ಷದ ಬಾಲಕನನ್ನು ಊರವರು ಒಬ್ಬರ ಹೆಗಲ ಮೇಲೊಬ್ಬರು ನಿಂತು ಕಿಟಕಿಯಿಂದ ಇಳಿಸಿಕೊಂಡರು. ಆತನೇ ಮುಂದೆ ಮೆಥಡಿಸ್ಟ್ ಪಂಥಕ್ಕೆ ಕಾರಣನಾದ ಜಾನ್ ವೆಸ್ಲಿ. (ಮೈಸೂರಿನ ವೆಸ್ಲಿ ಪ್ರೆಸ್ಸಿನ ಹೆಸರಿನ ಮೂಲವೂ ಇವರೇ.) ಅಲ್ಲಿನ ಪಾದ್ರಿಯಾಗಿದ್ದ ಜಾನ್ ಅವರ ತಂದೆ ಸ್ಯಾಮ್ಯುಯೆಲ್ ಅದೇ ವರ್ಷ ಇಟ್ಟಿಗೆಯಲ್ಲಿ ಮರುನಿರ್ಮಾಣಕ್ಕೆ ತೊಡಗಿದರು. ಎತ್ತರದ ಕಿಟಕಿಗಳನ್ನು ಸಾಲಾಗಿ ಜೋಡಿಸಿದ, ಆಡಂಬರವಿಲ್ಲದ ಅದರ ಮುಂಭಾಗವು ರಾಣಿ ಆನ್ ಕಾಲದ (18ನೇ ಶತಮಾನದ ಆರಂಭದ) ಶೈಲಿಗೆ ಸೊಗಸಾದ ನಿದರ್ಶನವೆಂದೇ ನನ್ನ ಅಭಿಪ್ರಾಯ. ಇಂದು ಅದು ವಸ್ತುಸಂಗ್ರಹಾಲಯ.