ಫೋನ್ ಇದ್ದವರು ಬಡವರಲ್ವಾ?

ಈ ಸಲ ಬಂದ ಪ್ರಶ್ನೆಗಳಲ್ಲಿ ಹೆಚ್ಚಿನವು ಕೊಳ್ಳುವುದು, ದುಡಿಯುವುದು, ಸಾಲ ಇವುಗಳ ಸುತ್ತಲೇ ಇದ್ದವು. ನಾಲ್ಕನ್ನು ಆರಿಸಿಕೊಂಡಿದ್ದೇನೆ.

ಪ್ರಶ್ನೆ: ನಮ್ಮ ಮನೆಕೆಲಸಕ್ಕೆ ಬರುವವರು ಮಗಳ ಫೀಸಿಗೆ ಅಂತ ಮುಂಗಡ ಕೇಳಿದರು, ಕೊಟ್ಟೆ. ಮುಂದಿನ ವಾರ ನೋಡಿದರೆ ಮಗಳ ಕೈಯಲ್ಲಿ ಹೊಸ ಸ್ಮಾರ್ಟ್‌ಫೋನ್! ಕಂತಿನಲ್ಲಿ ತಗೊಂಡಿದ್ದಂತೆ. ನನ್ನ ಫೋನಿಗಿಂತ ಚೆನ್ನಾಗಿದೆ. ಇಂಥವರನ್ನು ಬಡವರು ಅನ್ನಬಹುದಾ?

ಉತ್ತರ: ನಿಮಗೆ ಬೇಜಾರಾಗಿದ್ದು ಸಹಜ. ಆದರೂ ಹೇಳುತ್ತೇನೆ, ಅವರು ಬಡವರೇ.

ಇದು ಇವತ್ತಿನ ವಾದವಲ್ಲ. ಅರ್ಥಶಾಸ್ತ್ರಜ್ಞ ಆಡಂ ಸ್ಮಿತ್ 1776ರಲ್ಲೇ ಇದನ್ನು ಬರೆದಿದ್ದರು. ಹಳೆಯ ಗ್ರೀಕರು, ರೋಮನ್ನರು ಲಿನನ್ ಬಟ್ಟೆ ಇಲ್ಲದೆಯೂ ಹಾಯಾಗಿದ್ದರು. ಆದರೆ ಸ್ಮಿತ್ ಕಾಲದ ಯುರೋಪಿನಲ್ಲಿ ಲಿನನ್ ಅಂಗಿ ಇಲ್ಲದೆ ನಾಲ್ಕು ಜನರ ಮುಂದೆ ಬರಲು ದಿನಗೂಲಿಯವನೂ ನಾಚುತ್ತಿದ್ದ. ಚರ್ಮದ ಶೂಗಳ ಬಗ್ಗೆ ಅವರು ಕೊಟ್ಟ ಲೆಕ್ಕ ಇನ್ನೂ ಮಜವಾಗಿದೆ: ಇಂಗ್ಲೆಂಡಿನಲ್ಲಿ ಗಂಡಸು, ಹೆಂಗಸು ಇಬ್ಬರಿಗೂ ಬೇಕು, ಸ್ಕಾಟ್ಲೆಂಡಿನ ಬಡವರಲ್ಲಿ ಗಂಡಸರಿಗೆ ಬೇಕು, ಹೆಂಗಸರು ಬರಿಗಾಲಲ್ಲಿ ಓಡಾಡಿದರೂ ಯಾರೂ ಏನೂ ಅನ್ನುವುದಿಲ್ಲ, ಫ್ರಾನ್ಸಿನಲ್ಲಿ ಇಬ್ಬರಿಗೂ ಬೇಡ. ಕಾಲು ಎಲ್ಲ ಕಡೆ ಒಂದೇ. ಆದರೆ ಯಾವುದು ಅಗತ್ಯ ಅನ್ನುವುದನ್ನು ತೀರ್ಮಾನಿಸಿದ್ದು ಸುತ್ತಲಿನ ಜನ.

ಫೋನ್ ಕೂಡ ಹಾಗೇ. ಕೆಲಸಕ್ಕೆ ಕರೆ ಬರುವುದು ಫೋನಿಗೆ. ಶಾಲೆಯವರು ಹೋಮ್‌ವರ್ಕ್ ಕಳಿಸುವುದು ಫೋನಿಗೆ. ಯಾವುದೇ ಅರ್ಜಿ ಹಾಕಿದರೂ ಒಟಿಪಿ ಬರುವುದು ಅಲ್ಲಿಗೇ. ‘ನಾಳೆ ಸ್ವಲ್ಪ ಬೇಗ ಬನ್ನಿ’ ಅಂತ ನೀವೂ ಅವರಿಗೆ ಮೆಸೇಜ್ ಹಾಕುತ್ತೀರಿ, ಅಲ್ವಾ? ಎಲ್ಲರ ಹತ್ತಿರ ಫೋನ್ ಇದೆ ಅಂತ ಆದಮೇಲೆ, ಇಲ್ಲದವರಿಗಾಗಿ ಇದ್ದ ಹಳೆಯ ದಾರಿಗಳು ಒಂದೊಂದಾಗಿ ಮುಚ್ಚಿಹೋಗುತ್ತವೆ. ನೋಟಿಸ್ ಬೋರ್ಡ್ ಖಾಲಿ. ಕೌಂಟರ್ ಬಂದ್. ಆಮೇಲೆ ಫೋನ್ ಬೇಡ ಅನ್ನುವ ಆಯ್ಕೆ ಯಾರಿಗೂ ಉಳಿಯುವುದಿಲ್ಲ, ಬಡವರಿಗಂತೂ ಇಲ್ಲವೇ ಇಲ್ಲ.

ಸರಿ, ಫೋನ್ ಬೇಕು. ಅಷ್ಟು ಒಳ್ಳೆಯದೇ ಯಾಕೆ? ಇದರಲ್ಲಿ ಸ್ವಲ್ಪ ತೋರಿಕೆಯೂ ಇರುತ್ತದೆ. ಇಲ್ಲ ಅಂತ ಸುಮ್ನೆ ಹೇಳುವುದಿಲ್ಲ. ಆದರೆ ತೋರಿಸಿಕೊಳ್ಳಲು ಉಳ್ಳವರಿಗೆ ಮನೆಯಿದೆ, ಕಾರಿದೆ, ಓದಿದೆ, ಮಾತಾಡುವ ಧಾಟಿಯೂ ಇದೆ. ಆ ಹುಡುಗಿ ತರಗತಿಯ ಬೇರೆ ಮಕ್ಕಳ ಸಮಕ್ಕೆ ನಿಲ್ಲಬಹುದಾದ ವಸ್ತು ಅದೊಂದೇ ಇರಬಹುದು. ಒಂದು ಮಾತು ನೇರವಾಗಿ ಹೇಳುತ್ತೇನೆ: ಮಕ್ಕಳಿಗೆ ಅವಮಾನ ಆಗಬಾರದು ಅಂತ ನಾವು ಮಾಡುವ ಖರ್ಚನ್ನು ಯಾರೂ ದುಂದು ಅನ್ನುವುದಿಲ್ಲ. ಅವರು ಮಾಡಿದರೆ ಮಾತ್ರ ಅಂದುಬಿಡುತ್ತೇವೆ.

ನನಗೆ ಚಿಂತೆಯಿರುವುದು ಫೋನಿನ ಬಗ್ಗೆ ಅಲ್ಲ, ಕಂತಿನ ಬಗ್ಗೆ. ‘ಬಡ್ಡಿಯಿಲ್ಲದ ಕಂತು’ ಅಂತ ಬೋರ್ಡ್ ಇರುತ್ತದೆ. ಪೂರ್ತಿ ಹಣ ಒಮ್ಮೆಗೇ ಕೊಟ್ಟವರಿಗೆ ಸಿಗುವ ರಿಯಾಯಿತಿ ಕಂತಿನವರಿಗೆ ಎಷ್ಟೋ ಸಲ ಸಿಗುವುದಿಲ್ಲ. ಪ್ರೊಸೆಸಿಂಗ್ ಶುಲ್ಕ ಬೇರೆ. ಒಂದು ತಿಂಗಳು ತಡವಾದರೆ ದಂಡ, ಖಾತೆಯಲ್ಲಿ ದುಡ್ಡಿಲ್ಲದೆ ಕಂತು ವಾಪಸಾದರೆ ಬ್ಯಾಂಕಿನದ್ದೂ ಒಂದು ದಂಡ. ಅದೇ ಫೋನಿಗೆ ನಿಮಗಿಂತ ಅವರು ಜಾಸ್ತಿ ತೆತ್ತಿರುತ್ತಾರೆ. ನ್ಯೂಯಾರ್ಕಿನ ಬಡ ಕುಟುಂಬಗಳನ್ನು ಅಧ್ಯಯನ ಮಾಡಿದ ಸಮಾಜಶಾಸ್ತ್ರಜ್ಞ ಡೇವಿಡ್ ಕ್ಯಾಪ್ಲೊವಿಟ್ಜ್ 1963ರಲ್ಲಿ ಇದನ್ನೇ ತೋರಿಸಿದ್ದರು: ಪೀಠೋಪಕರಣ, ಟಿವಿಯಂಥ ವಸ್ತುಗಳನ್ನು ಸಾಲದಲ್ಲಿ ಕೊಳ್ಳುವ ಬಡವರು ಹೆಚ್ಚು ಬೆಲೆ ತೆರುತ್ತಾರೆ.

ಬಡತನ ಅಳೆಯುವವರಲ್ಲೂ ಎರಡು ದಾರಿಗಳಿವೆ. ವಿಶ್ವ ಬ್ಯಾಂಕಿನ ಕಡುಬಡತನದ ರೇಖೆ ದಿನಕ್ಕೆ 3 ಡಾಲರ್. ಇದನ್ನು ಆಯಾ ದೇಶದ ಬೆಲೆಗಳಿಗೆ ಹೊಂದಿಸಿರುತ್ತಾರೆ. 2025ರ ಜೂನ್‌ಗೆ ಮೊದಲು 2.15 ಇತ್ತು. ಯುರೋಪಿಯನ್ ಒಕ್ಕೂಟದ ಲೆಕ್ಕ ಬೇರೆ: ಆ ದೇಶದಲ್ಲಿ ನಟ್ಟನಡುವೆ ಇರುವವರ ಆದಾಯದ ಶೇ 60ಕ್ಕಿಂತ ಕಡಿಮೆ ಇದ್ದರೆ ಬಡತನದ ಅಪಾಯದಲ್ಲಿದ್ದಾರೆ ಅಂತ. ಮೊದಲನೆಯದು ಹೊಟ್ಟೆಪಾಡು ನೋಡುತ್ತದೆ. ಎರಡನೆಯದು ಉಳಿದವರಿಂದ ಎಷ್ಟು ದೂರ ಉಳಿದಿದ್ದಾರೆ ಅಂತ ನೋಡುತ್ತದೆ. ನಿಮ್ಮ ಮನೆಗೆ ಬರುವವರು ಮೊದಲ ರೇಖೆ ದಾಟಿರಬಹುದು. ಎರಡನೆಯದನ್ನು ದಾಟಿರುವುದು ಅನುಮಾನ.

ನೀವು ಮಾಡಬಹುದಾದದ್ದು ಇಷ್ಟು. ಫೋನಿನ ಮಾತು ತೆಗೆಯಬೇಡಿ. ಅವರ ಸಂಬಳ ಪ್ರತಿ ತಿಂಗಳೂ ಒಂದೇ ತಾರೀಕಿಗೆ, ಕಂತಿನ ದಿನಕ್ಕೆ ಮೊದಲೇ ಕೈಸೇರುವ ಹಾಗೆ ನೋಡಿಕೊಳ್ಳಿ. ನಾವು ಎರಡು ದಿನ ತಡ ಮಾಡಿದರೆ ದಂಡ ಬೀಳುವುದು ಅವರಿಗೆ.

ಪ್ರಶ್ನೆ: ಗಂಡ ಹೆಂಡತಿ ಇಬ್ಬರೂ ದುಡಿಯುತ್ತೇವೆ. ಮದುವೆಯಾದಾಗಿನಿಂದ ಸಂಬಳ ಎರಡು ಪಟ್ಟಿಗಿಂತ ಜಾಸ್ತಿ ಆಗಿದೆ. ದುಂದು ಮಾಡುವವರಲ್ಲ. ಆದರೂ ತಿಂಗಳ ಕೊನೆಗೆ ಕೈ ಖಾಲಿ, ಪುರುಸೊತ್ತೂ ಇಲ್ಲ. ಎಲ್ಲಿ ತಪ್ಪುತ್ತಿದ್ದೇವೆ?

ಉತ್ತರ: 1930ರಲ್ಲಿ ಅರ್ಥಶಾಸ್ತ್ರಜ್ಞ ಕೇನ್ಸ್ ಒಂದು ಭವಿಷ್ಯ ನುಡಿದರು. ನೂರು ವರ್ಷದಲ್ಲಿ ಜೀವನಮಟ್ಟ 4ರಿಂದ 8 ಪಟ್ಟು ಏರುತ್ತದೆ, ಆಗ ವಾರಕ್ಕೆ 15 ಗಂಟೆ ದುಡಿದರೆ ಸಾಕು ಅಂತ. ಮುಂದುವರಿದ ದೇಶಗಳಲ್ಲಿ ಜೀವನಮಟ್ಟ ಏರಿತು. 15 ಗಂಟೆ ಮಾತ್ರ ಬರಲೇ ಇಲ್ಲ.

ಅದೇ 1930ರ ಡಿಸೆಂಬರಿನಲ್ಲಿ ಅಮೆರಿಕದ ಬ್ಯಾಟಲ್ ಕ್ರೀಕ್‌ನ ಕೆಲಾಗ್ ಕಾರ್ಖಾನೆ 8 ಗಂಟೆಯ ಮೂರು ಪಾಳಿ ತೆಗೆದು 6 ಗಂಟೆಯ ನಾಲ್ಕು ಪಾಳಿ ಮಾಡಿತು. ಹೆಚ್ಚು ಜನಕ್ಕೆ ಕೆಲಸ ಸಿಕ್ಕಿತು, ಇದ್ದವರಿಗೆ ಸಂಜೆ ಸಿಕ್ಕಿತು. ಎರಡನೇ ಮಹಾಯುದ್ಧದ ನಂತರ ಗಾಳಿ ಬದಲಾಯಿತು. ಕಂಪನಿಗೂ 8 ಗಂಟೆಯೇ ಬೇಕಾಗಿತ್ತು, ಬಿಡುವಿಗಿಂತ ಹೆಚ್ಚು ಸಂಬಳ ಬೇಕು ಅನ್ನುವ ಕಾರ್ಮಿಕರೂ ಹೆಚ್ಚಾದರು. ಕೊನೆಯವರೆಗೂ 6 ಗಂಟೆಗೆ ಪಟ್ಟು ಹಿಡಿದವರಲ್ಲಿ ಹೆಂಗಸರೇ ಜಾಸ್ತಿ. 1985ರಲ್ಲಿ ಅದೂ ಮುಗಿಯಿತು. ಬಿಡುವು ಅನ್ನುವುದು ಒಮ್ಮೆ ಕೈಗೆ ಬಂದಮೇಲೂ ಹೋಗಬಹುದು.

ನಿಮ್ಮ ಮನೆಯಲ್ಲಿ ಏನಾಗಿರಬಹುದು ಅಂದರೆ, ಕೆಲಸ ಜಾಸ್ತಿ ಆದಂತೆ ಸಮಯವನ್ನೂ ಕೊಳ್ಳಲು ಶುರು ಮಾಡಿರುತ್ತೀರಿ. ಅಡುಗೆಗೆ ಹೊತ್ತಿಲ್ಲ, ತರಿಸಿಕೊಳ್ಳುತ್ತೀರಿ. ಮಗುವಿನ ಜೊತೆ ಕೂರಲು ಆಗಲಿಲ್ಲ, ಆಟಿಕೆ ಬರುತ್ತದೆ. ಆಫೀಸು ದೂರ, ಎರಡನೇ ಗಾಡಿ ಬೇಕಾಗುತ್ತದೆ. ಇದ್ಯಾವುದೂ ದುಂದಲ್ಲ. ದುಡಿಯುವುದಕ್ಕೇ ಆಗುವ ಖರ್ಚು. ಆ ಖರ್ಚು ತುಂಬಲು ಇನ್ನಷ್ಟು ದುಡಿಯಬೇಕು.

ಕಳೆದ ಮೂರು ತಿಂಗಳ ಬ್ಯಾಂಕ್ ಸ್ಟೇಟ್‌ಮೆಂಟ್ ತೆಗೆದುಕೊಂಡು, ಪುರುಸೊತ್ತಿಲ್ಲದ ಕಾರಣಕ್ಕೇ ಆದ ಖರ್ಚುಗಳಿಗೆ ಕೆಂಪು ಪೆನ್ನಿನಿಂದ ಗುರುತು ಹಾಕಿ. ನಿಮ್ಮಿಬ್ಬರಲ್ಲಿ ಕಡಿಮೆ ಗಳಿಸುವವರ ಸಂಬಳದಲ್ಲಿ ಅದು ಎಷ್ಟು ಭಾಗ ಅಂತ ನೋಡಿ. ಆಮೇಲೆ ಕಂತುಗಳನ್ನು ಬೇರೆಯಾಗಿ ಬರೆಯಿರಿ. ಉಳಿದ ಖರ್ಚನ್ನು ಬೇಕೆಂದಾಗ ಕಡಿಮೆ ಮಾಡಬಹುದು, ಕಂತನ್ನು ಆಗುವುದಿಲ್ಲ. ಮೂರು ಕಂತು ಕಟ್ಟುವವರು ಭಾನುವಾರವೂ ಬನ್ನಿ ಅನ್ನುವ ಬಾಸ್‌ಗೆ ‘ಆಗಲ್ಲ ಸರ್’ ಅನ್ನುವುದು ಕಷ್ಟ. ಇದು ಸಾಲ ಕೊಟ್ಟವರಿಗಿಂತ ಕೆಲಸ ಕೊಟ್ಟವರಿಗೇ ಹೆಚ್ಚು ಅನುಕೂಲ. ಮೊದಲು ಅತಿ ಚಿಕ್ಕ ಕಂತನ್ನು ಮುಗಿಸಿ. ಅದು ಮುಗಿದಾಗ ಸಂಬಳ ಏರಿದಷ್ಟೇ ಸಮಾಧಾನ.

ಪ್ರಶ್ನೆ: ಎಲ್ಲರೂ ಕೊಳ್ಳುವುದನ್ನು ಕಡಿಮೆ ಮಾಡಿದರೆ ಕಾರ್ಖಾನೆ ಮುಚ್ಚಿ ಬಡವರ ಕೆಲಸವೇ ಹೋಗುವುದಿಲ್ವಾ? ಹಾಗಾದರೆ ಕೊಳ್ಳುವುದೇ ಪುಣ್ಯದ ಕೆಲಸ ಅಲ್ವಾ?

ಉತ್ತರ: ತಮಾಷೆಗೆ ಕೇಳಿದಂತಿದೆ, ಆದರೆ ಪ್ರಶ್ನೆ ಗಟ್ಟಿಯಾಗಿದೆ. ಬೇಡಿಕೆ ಬಿದ್ದರೆ ಕೆಲಸ ಹೋಗುತ್ತದೆ, ನಿಜ. ಹಾಗಂತ ಬೇಡಿಕೆ ಏರಿದಷ್ಟೂ ಕೆಲಸಗಾರರ ಬದುಕು ಚೆನ್ನಾಗುತ್ತದೆ ಅನ್ನುವಂತಿಲ್ಲ.

2013ರ ಏಪ್ರಿಲ್ 24ರಂದು ಢಾಕಾ ಹತ್ತಿರದ ಸಾವರ್‌ನಲ್ಲಿ ರಾಣಾ ಪ್ಲಾಜಾ ಕಟ್ಟಡ ಕುಸಿಯಿತು. 1,100ಕ್ಕೂ ಹೆಚ್ಚು ಜನ ಸತ್ತರು. ಬಿರುಕು ಹಿಂದಿನ ದಿನವೇ ಕಂಡಿತ್ತು. ಅದೇ ಕಟ್ಟಡದಲ್ಲಿದ್ದ ಬ್ಯಾಂಕು ತನ್ನ ನೌಕರರಿಗೆ ಬರಬೇಡಿ ಅಂದಿತು. ಮೇಲಿನ ಮಹಡಿಗಳ ಗಾರ್ಮೆಂಟ್ಸ್ ಕಾರ್ಮಿಕರನ್ನು ಮಾತ್ರ ಕೆಲಸಕ್ಕೆ ಕರೆಸಿದರು. ವಿದೇಶಿ ಬ್ರ್ಯಾಂಡ್‌ಗಳಿಗೆ ಹೇಳಿದ ದಿನಕ್ಕೆ ಸರಕು ಕಳಿಸಬೇಕಿತ್ತು. ಅಗ್ಗ ಮತ್ತು ಬೇಗ, ಈ ಎರಡೂ ಒಟ್ಟಿಗೆ ಬೇಕು ಅಂದಾಗ ಭಾರ ಬೀಳುವುದು ಹೊಲಿಗೆ ಯಂತ್ರದ ಮುಂದೆ ಕೂತವರ ಮೇಲೆ.

ಮತ್ತೆ, ಬೇಡಿಕೆ ತಾನಾಗಿಯೇ ಹುಟ್ಟುವುದೂ ಇಲ್ಲ. 1924ರಲ್ಲಿ ದೊಡ್ಡ ಬಲ್ಬ್ ಕಂಪನಿಗಳು ಸೇರಿ ಫೀಬಸ್ ಅನ್ನುವ ಕೂಟ ಕಟ್ಟಿಕೊಂಡವು. ಬಲ್ಬಿನ ಆಯಸ್ಸನ್ನು 1,000 ಗಂಟೆಗೆ ಇಳಿಸಿದವು. ಜಾಸ್ತಿ ಉರಿಯುವ ಬಲ್ಬ್ ಮಾಡಿದ ಕಂಪನಿಗೆ ದಂಡ! ಹೀಗೆ ಹುಟ್ಟಿಸಿದ ಬೇಡಿಕೆಯನ್ನು ಪುಣ್ಯ ಅನ್ನಲು ನನಗಂತೂ ಮನಸ್ಸಿಲ್ಲ.

ಕೊಳ್ಳದೆ ಉಳಿದ ದುಡ್ಡು ಎಲ್ಲಿಗೆ ಹೋಗುತ್ತದೆ ಅನ್ನುವುದು ಮುಖ್ಯ. ರಿಪೇರಿಗೆ ಹೋದರೆ ಅಲ್ಲೂ ಕೆಲಸವಿದೆ, ಅದೂ ಕೈಕೆಲಸ, ಹತ್ತಿರದಲ್ಲೇ. ಫ್ರಾನ್ಸ್ 2021ರಲ್ಲಿ ಫೋನ್, ಲ್ಯಾಪ್‌ಟಾಪ್, ಟಿವಿ, ವಾಷಿಂಗ್ ಮೆಷಿನ್‌ಗಳಂಥ ವಸ್ತುಗಳ ಮೇಲೆ ಅವನ್ನು ಎಷ್ಟು ಸುಲಭವಾಗಿ ರಿಪೇರಿ ಮಾಡಬಹುದು ಅಂತ 10ಕ್ಕೆ ಅಂಕ ಹಾಕುವುದನ್ನು ಕಡ್ಡಾಯ ಮಾಡಿತು. ಇಂಥ ನಿಯಮಗಳಿಗೆ ಒತ್ತಾಯಿಸುವುದು, ಒಬ್ಬೊಬ್ಬರೇ ಕೂತು ‘ನಾನು ಕೊಳ್ಳಲ್ಲ’ ಅಂತ ವ್ರತ ಹಿಡಿಯುವುದಕ್ಕಿಂತ ಮೇಲು.

ಪ್ರಶ್ನೆ: ಕಾಲೇಜು ಗೆಳೆಯರು ಸೇರುವುದೇ ದುಬಾರಿ ಹೋಟೆಲುಗಳಲ್ಲಿ. ಬಿಲ್ ಸಮ ಪಾಲು. ನನಗೆ ಕಷ್ಟ. ಏನಾದರೂ ನೆಪ ಹೇಳಿ ತಪ್ಪಿಸಿಕೊಳ್ಳುತ್ತಿದ್ದೇನೆ.

ಉತ್ತರ: ನೆಪ ಹೇಳುತ್ತಾ ಹೋದರೆ ಕರೆಯುವುದನ್ನೇ ಬಿಡುತ್ತಾರೆ. ನಿಮಗೆ ಆಸಕ್ತಿಯಿಲ್ಲ ಅಂದುಕೊಳ್ಳುತ್ತಾರೆ, ದುಡ್ಡಿಲ್ಲ ಅಂತ ಅಲ್ಲ. ಗುಂಪಿನಲ್ಲಿ ನಿಮ್ಮ ಹಾಗೇ ಲೆಕ್ಕ ಹಾಕುವವರು ಇನ್ನೊಬ್ಬರಾದರೂ ಇರುತ್ತಾರೆ. ಅವರು ಯಾರು ಅಂತ ಪತ್ತೆ ಮಾಡಿ. ಮುಂದಿನ ಸಲ ಜಾಗವನ್ನು ನೀವಿಬ್ಬರೇ ಮೊದಲು ಸೂಚಿಸಿ: ಪಾರ್ಕು, ಯಾರಾದರೊಬ್ಬರ ಮನೆ, ಬೆಳಗಿನ ವಾಕಿಂಗ್. ಯಾರೋ ಒಬ್ಬರು ‘ಇಲ್ಲಿ ಸೇರೋಣ’ ಅಂದರೆ ಬಹಳ ಜನ ಒಪ್ಪಿಬಿಡುತ್ತಾರೆ. ಹೋಟೆಲ್ಲೇ ಆಗಬೇಕು ಅಂದರೆ, ಆರ್ಡರ್ ಮಾಡುವ ಮೊದಲೇ ‘ನಂದು ನಾನು ಕೊಡ್ತೀನಿ’ ಅಂತ ಹೇಳಿಬಿಡಿ. ಬಿಲ್ ಬಂದಮೇಲೆ ಹೇಳಿದರೆ ಎಲ್ಲರಿಗೂ ಮುಜುಗರ.