ಕಮಿಟ್ ತಡವಾಗಿ ಡಿಸ್ಕ್ ಸೇರಿದರೆ ನಡೆದೀತೇ?

ಪ್ರಶ್ನೆ: ಹಾಲು ಉತ್ಪಾದಕರ ಸಹಕಾರ ಸಂಘಗಳಿಗೆ ತಂತ್ರಾಂಶ ಬರೆದುಕೊಡುತ್ತೇನೆ. ರೈತರು ಹಾಕುವ ಹಾಲಿನ ಲೆಕ್ಕವೂ ಶೀತಲೀಕರಣ ಟ್ಯಾಂಕ್‌ಗಳಿಂದ ಬರುವ ಉಷ್ಣಾಂಶದ ದಾಖಲೆಯೂ ಒಂದೇ ಪೋಸ್ಟ್‌ಗ್ರೆಸ್ ಡೇಟಾಬೇಸ್‌ಗೆ ಸೇರುತ್ತವೆ. ಟ್ಯಾಂಕ್‌ಗಳು ಹೆಚ್ಚಿದಂತೆ ಹಳೆಯ ಹಾರ್ಡ್‌ಡಿಸ್ಕ್‌ನ ಸರ್ವರ್ ತೆವಳುತ್ತಿದೆ. ‘ಸಿಂಕ್ರೊನಸ್ ಕಮಿಟ್’ ಆಫ್ ಮಾಡಿ ಎಂದು ಒಬ್ಬರು, ‘ಎಫ್‌ಸಿಂಕ್’ ಆಫ್ ಮಾಡಿ ಎಂದು ಇನ್ನೊಬ್ಬರು ಹೇಳುತ್ತಾರೆ. ಯಾವುದು ಕ್ಷೇಮ?
– ಓದುಗರೊಬ್ಬರು, ಅರಸೀಕೆರೆ

ಉತ್ತರ: ಎರಡನೆಯವರ ಸಲಹೆಯನ್ನು ಮೊದಲು ಬದಿಗಿಡಿ. ಅಂಗಡಿ ಲೆಕ್ಕದಲ್ಲಿ ಮೊದಲು ಕಿರ್ದಿ, ಆಮೇಲೆ ಖಾತೆ ಎಂಬ ಪದ್ಧತಿ ಇದೆಯಲ್ಲ, ಪೋಸ್ಟ್‌ಗ್ರೆಸ್ ನಡೆಸುವುದೂ ಹಾಗೆಯೇ: ಪ್ರತಿ ಬದಲಾವಣೆಯೂ ಮೊದಲು ಲಾಗ್‌ನಲ್ಲಿ ದಾಖಲಾಗಿ, ನಿಧಾನವಾಗಿ ಟೇಬಲ್‌ಗಳ ಕಡತಕ್ಕೆ ಇಳಿಯುತ್ತದೆ. ಬರೆದದ್ದು ನಿಜವಾಗಿಯೂ ಡಿಸ್ಕ್ ಸೇರುವಂತೆ ನೋಡಿಕೊಳ್ಳುವ ಎಫ್‌ಸಿಂಕ್ ಅನ್ನು ಆಫ್ ಮಾಡಿದರೆ ಈ ಕ್ರಮಕ್ಕೇ ಖಾತರಿ ಇರುವುದಿಲ್ಲ. ಕರೆಂಟು ಹೋದಾಗ ಖಾತೆ ಇಳಿದು ಕಿರ್ದಿ ಇಳಿಯದೆ ಉಳಿದು, ಇಡೀ ಡೇಟಾಬೇಸ್ ಕೆಟ್ಟುಹೋಗಬಹುದು.

ಸಿಂಕ್ರೊನಸ್ ಕಮಿಟ್‌ನ ಮಾತು ಬೇರೆ. ಕಮಿಟ್ ಎಂದರೆ ಒಂದು ವಹಿವಾಟನ್ನು, ಅಂದರೆ ಒಟ್ಟಿಗೇ ನಡೆಯಬೇಕಾದ ಬದಲಾವಣೆಗಳ ಗುಂಪನ್ನು, ಖಾಯಂ ಮಾಡುವುದು. 2008ರ 8.3ನೇ ಆವೃತ್ತಿಯಿಂದ ಇರುವ ಈ ಸೌಲಭ್ಯವನ್ನು ಆಫ್ ಮಾಡಿದಾಗ, ಲಾಗ್ ಡಿಸ್ಕ್ ಸೇರುವುದನ್ನು ಕಾಯದೆ ಸರ್ವರ್ ‘ಕಮಿಟ್ ಆಯಿತು’ ಎಂದು ಉತ್ತರಿಸುತ್ತದೆ. ಲಾಗ್ ಬರೆಯುವ ಹಿನ್ನೆಲೆಯ ಪ್ರಕ್ರಿಯೆ ಸಾಮಾನ್ಯವಾಗಿ 200 ಮಿಲಿಸೆಕೆಂಡಿಗೊಮ್ಮೆ ಎದ್ದು ಬಾಕಿ ಇರುವುದನ್ನು ಇಳಿಸುತ್ತದೆ. ಅಷ್ಟರಲ್ಲಿ ಯಂತ್ರ ಕುಸಿದರೆ, ಹೆಚ್ಚೆಂದರೆ ಅದರ ಮೂರು ಪಟ್ಟು, ಅಂದರೆ 600 ಮಿಲಿಸೆಕೆಂಡುಗಳ ಕಮಿಟ್‌ಗಳು ಕಾಣೆಯಾಗುತ್ತವೆ. ಆದರೆ ಹೋಗುವುದು ಕಿರ್ದಿಯ ಕೊನೆಯ ಸಾಲುಗಳು ಮಾತ್ರ. ನಡುವಿನ ಸಾಲು ಹೋಗಿ ಅದನ್ನು ನೆಚ್ಚಿಕೊಂಡ ಮುಂದಿನ ಸಾಲು ಉಳಿಯುವುದಾಗಲಿ, ಅರ್ಧ ವಹಿವಾಟು ಉಳಿಯುವುದಾಗಲಿ ಇಲ್ಲ.

ಹಾಗಾದರೆ ಯಾವುದನ್ನು ತಡಮಾಡಬಹುದು? ಕಮಿಟ್ ಆಯಿತೆಂಬ ಮಾತನ್ನು ನಂಬಿ ಡೇಟಾಬೇಸ್‌ನ ಹೊರಗೆ ಯಾರಾದರೂ ಏನನ್ನಾದರೂ ಮಾಡಿದ್ದಾರೆಯೇ ಎಂದು ಕೇಳಿಕೊಳ್ಳಿ. ಟ್ಯಾಂಕ್‌ನ ಉಷ್ಣಾಂಶ 4 ಡಿಗ್ರಿ ಎಂಬ ಒಂದು ದಾಖಲೆ ಹೋದರೆ ಮರುಕ್ಷಣ ಮತ್ತೊಂದು ಬರುತ್ತದೆ. ಆದರೆ ಬೆಳಗಿನ ಜಾವ ಕ್ಯಾನ್ ತಂದ ರೈತರ ಕೈಗೆ 6.5 ಲೀಟರ್, ಫ್ಯಾಟ್ 4.1 ಎಂದು ಚೀಟಿ ಮುದ್ರಿಸಿ ಕೊಟ್ಟ ಮೇಲೆ ಆ ದಾಖಲೆ ಕಾಣೆಯಾದರೆ, ಚೀಟಿ ಹೇಳುವುದೊಂದು, ಲೆಕ್ಕ ಹೇಳುವುದೊಂದು ಆಗುತ್ತದೆ. ಅದೇ ರಸೀದಿ ಸಂಖ್ಯೆ ಇನ್ನೊಬ್ಬರಿಗೂ ಹೋಗಿಬಿಡಬಹುದು. ನಿಮಿಷಕ್ಕೆ ಬೆರಳೆಣಿಕೆಯಷ್ಟು ಚೀಟಿ ಹರಿಯುವ ಕಡೆ ಇಂಥ ಉಳಿತಾಯದ ಅಗತ್ಯವೂ ಇಲ್ಲ.

ಸಂತೋಷದ ಸಂಗತಿಯೆಂದರೆ ಇದನ್ನು ಇಡೀ ಸರ್ವರ್‌ಗೆ ಅನ್ವಯಿಸಬೇಕಾಗಿಲ್ಲ. ಉಷ್ಣಾಂಶ ಬರೆಯುವ ವಹಿವಾಟಿನ ಒಳಗೆ ಮಾತ್ರ ‘ಸೆಟ್ ಲೋಕಲ್’ ಆದೇಶದಿಂದ ಆಫ್ ಮಾಡಿ, ಹಾಲಿನ ಲೆಕ್ಕವನ್ನು ಎಂದಿನಂತೆ ಬಿಡಿ. ಹಾಲಿನ ಕಮಿಟ್ ಒಂದು ಡಿಸ್ಕ್ ಸೇರುವಾಗ, ಲಾಗ್‌ನಲ್ಲಿ ಅದಕ್ಕಿಂತ ಮೊದಲಿನ ಉಷ್ಣಾಂಶದ ದಾಖಲೆಗಳೂ ಜೊತೆಗೇ ಇಳಿಯುತ್ತವೆ.

ಇದಕ್ಕೂ ಮುನ್ನ ಇನ್ನೊಂದನ್ನು ನೋಡಿ. ನಿಮಿಷಕ್ಕೆ 7,200 ಸುತ್ತು ತಿರುಗುವ ಡಿಸ್ಕ್ ಸೆಕೆಂಡಿಗೆ 120 ಸುತ್ತು ತಿರುಗುತ್ತದೆ; ಒಂದೇ ಸಂಪರ್ಕದಿಂದ ಒಂದಾದ ಮೇಲೊಂದು ಕಮಿಟ್ ಮಾಡುತ್ತ ಹೋದರೆ, ಡಿಸ್ಕ್ ಬರೆಯುವ ಮುನ್ನವೇ ‘ಬರೆದೆ’ ಎನ್ನದೆ ಪ್ರಾಮಾಣಿಕವಾಗಿ ಬರೆಯುತ್ತಿರುವ ಪಕ್ಷದಲ್ಲಿ, ವೇಗವೂ ಸುಮಾರು ಅಲ್ಲಿಗೇ ನಿಲ್ಲುತ್ತದೆ. ಒಂದೊಂದು ದಾಖಲೆಗೂ ಒಂದೊಂದು ಕಮಿಟ್ ಮಾಡುತ್ತಿದ್ದೀರಿ ಎಂಬುದು ನನ್ನ ಗುಮಾನಿ. ಒಂದು ಸೆಕೆಂಡಿನ ದಾಖಲೆಗಳನ್ನು ಒಟ್ಟುಗೂಡಿಸಿ ಒಂದೇ ವಹಿವಾಟಿನಲ್ಲಿ ಬರೆದರೆ ಹೊರೆ ಬಹುಮಟ್ಟಿಗೆ ಇಳಿದೀತು. ಆದರೆ ಹಾಗೆ ಕೂಡಿಟ್ಟದ್ದು ನಿಮ್ಮ ಪ್ರೋಗ್ರಾಂ ಕುಸಿದರೂ ಹೋಗುತ್ತದೆ. ತಡವಾದ ಕಮಿಟ್ ಹೋಗುವುದು ಸರ್ವರ್ ಕುಸಿದಾಗ ಮಾತ್ರ. ಪೋಸ್ಟ್‌ಗ್ರೆಸ್ಸನ್ನು ‘ಇಮ್ಮೀಡಿಯಟ್’ ವಿಧಾನದಲ್ಲಿ ನಿಲ್ಲಿಸುವುದೂ ಕುಸಿತಕ್ಕೆ ಸಮವೆಂಬುದು ನೆನಪಿರಲಿ.

ಪ್ರಶ್ನೆ: ನಮ್ಮ ಕಾಲೇಜಿನ ಆನ್‌ಲೈನ್ ಪರೀಕ್ಷೆಗೆ ಮೈಎಸ್‌ಕ್ಯೂಎಲ್ ಡೇಟಾಬೇಸ್ ಬಳಸುತ್ತೇವೆ. ಅದರಲ್ಲಿ ದತ್ತಾಂಶ ಶೇಖರಿಸುವ ಭಾಗವಾದ ಇನ್ನೊಡಿಬಿಯ ಲಾಗ್ ಫ್ಲಶ್ ಆಯ್ಕೆಯನ್ನು (ಲಾಗ್ ಯಾವಾಗ ಡಿಸ್ಕ್‌ಗೆ ಇಳಿಯಬೇಕೆಂಬುದನ್ನು) 1ರಿಂದ 2ಕ್ಕೋ 0ಗೋ ಬದಲಿಸಬಹುದೇ?
– ಉಪನ್ಯಾಸಕರೊಬ್ಬರು, ಧಾರವಾಡ

ಉತ್ತರ: 1 ಇದ್ದರೆ ಪ್ರತಿ ಕಮಿಟ್‌ನ ಲಾಗ್ ಆಗಲೇ ಡಿಸ್ಕ್‌ಗೆ ಇಳಿಯುತ್ತದೆ. 2 ಇಟ್ಟರೆ ಪ್ರತಿ ಕಮಿಟ್‌ನ ಲಾಗ್ ಆಪರೇಟಿಂಗ್ ಸಿಸ್ಟಂನ ಕೈಸೇರುತ್ತದೆ, ಡಿಸ್ಕ್‌ಗೆ ಮಾತ್ರ ಸುಮಾರು ಸೆಕೆಂಡಿಗೊಮ್ಮೆ ಇಳಿಯುತ್ತದೆ, ಹೀಗಾಗಿ ಮೈಎಸ್‌ಕ್ಯೂಎಲ್ ಒಂದೇ ಕುಸಿದರೆ ನಷ್ಟವಿಲ್ಲ, ಇಡೀ ಯಂತ್ರ ಆರಿದರೆ ಉಂಟು. 0 ಇಟ್ಟರೆ ಮೈಎಸ್‌ಕ್ಯೂಎಲ್ ಕುಸಿದರೂ ಸುಮಾರು ಒಂದು ಸೆಕೆಂಡಿನ ಕೆಲಸ ಹೋಗಬಹುದು. ಆಗಾಗ ತಾನಾಗಿ ಉಳಿಯುವ ಕರಡು ಉತ್ತರಗಳಿಗೆ 2 ಸಾಕಾಗುತ್ತಿತ್ತು. ಆದರೆ ಈ ಆಯ್ಕೆ ಇಡೀ ಸರ್ವರ್‌ಗೆ ಒಂದೇ, ಪೋಸ್ಟ್‌ಗ್ರೆಸ್‌ನಂತೆ ವಹಿವಾಟಿಗೊಂದು ಇಡಲಾಗದು. ವಿದ್ಯಾರ್ಥಿಯ ಪರದೆಯ ಮೇಲೆ ‘ಉತ್ತರ ಪತ್ರಿಕೆ ಸಲ್ಲಿಕೆಯಾಗಿದೆ’ ಎಂದು ತೋರಿಸುವ ಕಮಿಟ್ ಕೂಡ ಅದೇ ಸರ್ವರ್‌ನಲ್ಲಿ ಇರುವುದರಿಂದ 1 ಆಗಿಯೇ ಇರಲಿ.