ಒಂಟಾರಿಯೊ ಸರೋವರದ ಸಾಲ್ಮನ್: ಬೋಟು ಕೊಳ್ಳುವ ಮೊದಲು ಇಷ್ಟು ತಿಳಿದುಕೋ

ಹ್ವಾಯ್ ತಮ್ಮ,

ನೀನು ಕೇಳಿದ್ದನ್ನು ಮೊದಲು ಚುಟುಕಾಗಿ ಹೇಳಿಬಿಡುತ್ತೇನೆ, ಓದುವ ಉಳಿದವರಿಗೂ ಗೊತ್ತಾಗಲಿ. ನೀನು ಕೆನಡಾದ ಬ್ರಾಂಪ್ಟನ್‌ಗೆ ಬಂದು ಎಂಟು ತಿಂಗಳು. ಕೆಲಸ ಪರವಾಗಿಲ್ಲ, ಶನಿವಾರ-ಭಾನುವಾರ ಬಂದರೆ ಮಾತ್ರ ತಲೆ ಕೆಡುತ್ತದೆ. ಅಪ್ಪ ಗಂಗೊಳ್ಳಿಯಲ್ಲಿ ಬೋಟಿಗೆ ಹೋಗುತ್ತಿದ್ದವರು. ಸೆಪ್ಟೆಂಬರಿನಲ್ಲಿ ಸರೋವರದ ದಡದ ಪೋರ್ಟ್ ಕ್ರೆಡಿಟ್‌ನಲ್ಲಿ ತೋಳುದ್ದದ ಸಾಲ್ಮನ್ ಇಳಿಸುವುದನ್ನು ನೋಡಿದೆ, ಅಂದಿನಿಂದ ಅದೇ ಗುಂಗು. ಹತ್ತೊಂಬತ್ತು ಅಡಿಯ ಹಳೇ ಬೋಟೊಂದು ಅಗ್ಗಕ್ಕೆ ಸಿಗುತ್ತಿದೆ; ಕೊಳ್ಳಲೋ ಬೇಡವೋ, ಯಾವ ರಾಡ್, ಯಾವ ಬಣ್ಣದ ಸ್ಪೂನ್ (ಚಮಚದಾಕಾರದ ಲೋಹದ ಗಾಳ)? ಹೆಂಡತಿ ಬಸುರಿ, ಆ ಮೀನು ತಿನ್ನಬಹುದೋ?

ಬೋಟು ಈ ವರ್ಷ ಬೇಡ ಮಾರಾಯ. ಕೊಳ್ಳುವಾಗ ಅಗ್ಗ, ಇಟ್ಟುಕೊಳ್ಳುವಾಗ ಗೊತ್ತಾಗುತ್ತದೆ. ಟ್ರೇಲರ್, ಅದನ್ನೆಳೆಯುವ ಗಾಡಿ, ಇನ್ಶೂರೆನ್ಸ್, ಮರೀನಾದ ಬಾಡಿಗೆ, ಚಳಿಗಾಲಕ್ಕೆ ಎಂಜಿನ್ನಿನ ನೀರು ತೆಗೆಸಿ ಪ್ಲಾಸ್ಟಿಕ್ ಹೊದೆಸಿ ನಿಲ್ಲಿಸುವ ಖರ್ಚು. ಅದೂ ಇರಲಿ. ಈ ಮೀನುಗಾರಿಕೆಗೆ ಒಬ್ಬನೇ ಹೋಗಲಾಗುವುದಿಲ್ಲ. ಬೋಟು ಓಡುತ್ತಲೇ ಇರಬೇಕು, ಒಬ್ಬ ಸ್ಟೀರಿಂಗ್‌ನಲ್ಲಿ, ಒಬ್ಬ ರಾಡ್ ಹಿಡಿದು, ಇನ್ನೊಬ್ಬ ಬಲೆ ಹಿಡಿದು. ಹಾಗಾಗಿ ಬೋಟು ಇರುವ ಪ್ರತಿಯೊಬ್ಬನಿಗೂ ಜನ ಬೇಕು. ನಿನ್ನ ದಾರಿ ಅದೇ.

ಮೀನಿನ ವಿಷಯ ಎರಡು ಮಾತು. ನೀನು ನೋಡಿದ್ದು ಚಿನೂಕ್, ಇಲ್ಲಿಯವರು ಕಿಂಗ್ ಅನ್ನುತ್ತಾರೆ. ಅದು ಈ ಸರೋವರದ್ದಲ್ಲ, ಪೆಸಿಫಿಕ್ ಕಡೆಯದು. ಇಲ್ಲಿಯ ಮೂಲದ ಅಟ್ಲಾಂಟಿಕ್ ಸಾಲ್ಮನ್ 1890ರ ದಶಕಕ್ಕೆಲ್ಲ ಮುಗಿದುಹೋಗಿತ್ತು. ಆಮೇಲೆ ಮಿಶಿಗನ್ ಮುಂತಾದ ಸರೋವರಗಳಿಗೆ ಲ್ಯಾಂಪ್ರೆ ಎಂಬ ರಕ್ತ ಹೀರುವ ಜೀವಿ ಬಂದು ದೊಡ್ಡ ಮೀನುಗಳನ್ನು ತಿಂದು ಹಾಕಿತು. ಅವಿಲ್ಲದೆ ಏಲ್‌ವೈಫ್ ಎಂಬ ಚಿಕ್ಕ ಮೀನು, ನಮ್ಮ ಬೂತಾಯಿಯ ದೂರದ ನೆಂಟ, ಮಿತಿಮೀರಿ ಬೆಳೆಯಿತು. 1967ರಲ್ಲಿ ಮಿಶಿಗನ್ ಸರೋವರದ ದಡದ ತುಂಬ ಅದರದ್ದೇ ಹೆಣ. ಈ ಏಲ್‌ವೈಫನ್ನು ತಿನ್ನಲಿ ಎಂದು ಹೊವಾರ್ಡ್ ಟ್ಯಾನರ್ ಎಂಬ ಮಿಶಿಗನ್ ರಾಜ್ಯದ ಅಧಿಕಾರಿಯ ಮುಂದಾಳತ್ವದಲ್ಲಿ ಅದರ ಹಿಂದಿನ ವರ್ಷವೇ, 1966ರಲ್ಲಿ, ಕೋಹೋ ಎಂಬ ಇನ್ನೊಂದು ಪೆಸಿಫಿಕ್ ಸಾಲ್ಮನ್ನಿನ ಮರಿ, ಮರುವರ್ಷ ಚಿನೂಕ್ ಮರಿ ಬಿಟ್ಟರು. ಒಂಟಾರಿಯೊ ಸರೋವರಕ್ಕೂ 1960ರ ದಶಕದ ಕೊನೆಯಿಂದ ಬಿಡತೊಡಗಿದರು. ನಿನಗೆ ಇದರಿಂದ ಬೇಕಾದದ್ದು ಇಷ್ಟು: ಏಲ್‌ವೈಫ್ ಎಲ್ಲಿದೆಯೋ ಕಿಂಗ್ ಅಲ್ಲಿದೆ, ಆದರೆ ತನಗೆ ಹಿತವಾದ ತಣ್ಣೀರು ಬಿಟ್ಟು ಹೆಚ್ಚು ಹೊತ್ತು ಇರುವುದಿಲ್ಲ.

ಈಗ ಟ್ರೋಲಿಂಗ್. ಮಲ್ಪೆಯ ಟ್ರಾಲ್ ಬೋಟಿನ ಹಾಗೆ ಬಲೆ ಎಳೆಯುವುದಲ್ಲ. ಬೋಟು ನಿಧಾನಕ್ಕೆ ಓಡುತ್ತಾ ಹಿಂದೆ ಗಾಳಗಳನ್ನು ಬೇರೆ ಬೇರೆ ಆಳದಲ್ಲಿ ಎಳೆಯುವುದು. ಹೊಸಬರೆಲ್ಲ ನಿನ್ನ ಹಾಗೆ ಬಣ್ಣ ಕೇಳುತ್ತಾರೆ. ಅಂಗಡಿಯವನೂ ಅದನ್ನೇ ಮಾರುತ್ತಾನೆ, ಗೋಡೆ ತುಂಬ ಸ್ಪೂನ್ ನೇತುಹಾಕಿ. ನನ್ನ ಲೆಕ್ಕದಲ್ಲಿ ಮೊದಲು ಆಳ, ಆಮೇಲೆ ವೇಗ, ಬಣ್ಣ ಎಲ್ಲಕ್ಕಿಂತ ಕೊನೆಗೆ. ದುಡ್ಡು ಹಾಕುವುದೂ ಅದೇ ಕ್ರಮದಲ್ಲಿ.

ಆಳಕ್ಕೆ ಇಲ್ಲಿ ಮುಖ್ಯ ಸಲಕರಣೆ ಡೌನ್‌ರಿಗ್ಗರ್. ಬೋಟಿನ ಹಿಂಬದಿಗೆ ಬಿಗಿದ ಒಂದು ರಾಟೆ, ಅದಕ್ಕೆ ಸ್ಟೀಲ್ ತಂತಿ, ತುದಿಗೆ ಹತ್ತು-ಹನ್ನೆರಡು ಪೌಂಡಿನ ಸೀಸದ ಗುಂಡು. ಕ್ಯಾನನ್, ಸ್ಕಾಟಿ ಎರಡೂ ಕಂಪನಿಯವು ಇಲ್ಲಿ ನಡೆಯುತ್ತವೆ. ಗಾಳದ ದಾರವನ್ನು ಗುಂಡಿನ ಹತ್ತಿರದ ಕ್ಲಿಪ್ಪಿಗೆ ಸಿಕ್ಕಿಸಿ ಇಳಿಸುತ್ತಾರೆ. ಹೇಗೆಂದರೆ: ಬೋಟು ಓಡುತ್ತಿರುವಾಗಲೇ ಸ್ಪೂನನ್ನು ಪಕ್ಕದ ನೀರಿಗೆ ಹಾಕಿ ಅದು ಹೇಗೆ ಹೊರಳುತ್ತದೆ ನೋಡು. ಗಿರಗಿರನೆ ಸುತ್ತಿದರೆ ವೇಗ ಜಾಸ್ತಿ, ಸೋಮಾರಿಯಾಗಿ ತೇಲಿದರೆ ಕಮ್ಮಿ. ಸರಿಯೆನಿಸಿದ ಮೇಲೆ ಹದಿನೈದು-ಇಪ್ಪತ್ತು ಅಡಿ ದಾರ ಬಿಟ್ಟು ಕ್ಲಿಪ್ಪಿಗೆ ಹಾಕು. ಗುಂಡು ಇಳಿಯುವಾಗ ರೀಲಿನ ಮೇಲೆ ಹೆಬ್ಬೆರಳು ಇರಲಿ, ಇಲ್ಲದಿದ್ದರೆ ದಾರ ಗೋಜಲಾಗುತ್ತದೆ. ಬೇಕಾದ ಆಳ ಮುಟ್ಟಿದ ಮೇಲೆ ರಾಡನ್ನು ಹೋಲ್ಡರಿನಲ್ಲಿಟ್ಟು ತುದಿ ಚೆನ್ನಾಗಿ ಬಾಗುವವರೆಗೆ ಸುತ್ತು. ಮೀನು ಕಚ್ಚಿದರೆ ದಾರ ಕ್ಲಿಪ್ಪಿನಿಂದ ಕಳಚುತ್ತದೆ, ಬಾಗಿದ್ದ ರಾಡ್ ಫಟ್ಟನೆ ನೆಟ್ಟಗಾಗುತ್ತದೆ, ಮರುಕ್ಷಣ ಪುನಃ ಬಾಗುತ್ತದೆ. ಆ ಎರಡು ಚಲನೆ ನೋಡಿದ ಮೇಲೆ ಈ ಚಟ ಬಿಡುವುದು ಕಷ್ಟ.

ಒಂದು ವಿಷಯ ಬಹಳ ಜನಕ್ಕೆ ಹೊಳೆಯುವುದಿಲ್ಲ. ಕೌಂಟರಿನಲ್ಲಿ ನೂರು ಅಡಿ ಎಂದಿದ್ದರೆ ಗುಂಡು ನೂರಡಿ ಕೆಳಗಿದೆ ಎಂದಲ್ಲ. ಓಟಕ್ಕೆ ತಂತಿ ಹಿಂದಕ್ಕೆ ಓರೆಯಾಗಿರುತ್ತದೆ, ಗುಂಡು ಅದಕ್ಕಿಂತ ಮೇಲೆಯೇ ಇರುತ್ತದೆ. ವೇಗದ್ದೂ ಹಾಗೆ. ಜಿಪಿಎಸ್ ಗಂಟೆಗೆ 2.5 ಮೈಲಿ ತೋರಿಸುತ್ತಿರುತ್ತದೆ, ಕೆಳಗಿನ ಪ್ರವಾಹ ಎದುರಿಗಿದ್ದರೆ ನಿನ್ನ ಸ್ಪೂನಿಗೆ ಅದು 3ರ ಮೇಲೆ ಅನಿಸುತ್ತಿರಬಹುದು. ಅದಕ್ಕೇ ಗುಂಡಿನ ಹತ್ತಿರವೇ ಇರುವ ಪ್ರೋಬ್ ಇಟ್ಟುಕೊಳ್ಳುತ್ತಾರೆ. ಅದು ಆ ಆಳದ ವೇಗ, ಉಷ್ಣಾಂಶ ಎರಡನ್ನೂ ಮೇಲಕ್ಕೆ ಕಳಿಸುತ್ತದೆ. ದುಬಾರಿ ನಿಜ. ಆದರೂ ನೂರು ಸ್ಪೂನ್ ಬದಲು ಅದೊಂದಿದ್ದರೆ ಸಾಕು ಎನ್ನುವವನು ನಾನು. ಗುಂಡಿನ ಹತ್ತಿರ 2ರಿಂದ 2.6 ಮೈಲಿ, ನೀರು 6ರಿಂದ 12 ಡಿಗ್ರಿ ಸೆಲ್ಸಿಯಸ್, ಈ ಎರಡು ಕೂಡಿಬರುವ ಪಟ್ಟೆಯಲ್ಲಿ ಇದ್ದರೆ ಯಾವ ಬಣ್ಣಕ್ಕೂ ಮೀನು ಬರುತ್ತದೆ. ಪ್ರೋಬ್ ಇಲ್ಲದವರು ಬೋಟನ್ನು ಹಾವಿನ ಹಾದಿಯಲ್ಲಿ ಓಡಿಸುತ್ತಾರೆ. ತಿರುವಿನಲ್ಲಿ ಒಳಬದಿಯ ಗಾಳ ನಿಧಾನವಾಗುತ್ತದೆ, ಹೊರಬದಿಯದು ಚುರುಕಾಗುತ್ತದೆ. ಯಾವ ಬದಿಗೆ ಕಚ್ಚಿತೋ ಅದೇ ಉತ್ತರ.

ಗುಂಡಿನ ಹಿಂದೆ ಏನು ಕಟ್ಟುವುದು? ನಸುಕಿಗೆ ಹೊಳೆಯುವ ಗ್ಲೋ ಸ್ಪೂನ್, ಟಾರ್ಚಿನಿಂದ ಬೆಳಕು ಹಿಡಿದು ಇಳಿಸುವಂಥದ್ದು, ನಲವತ್ತು-ಅರವತ್ತು ಅಡಿಗೆ. ಬಿಸಿಲೇರಿದ ಮೇಲೆ ಇನ್ನೂ ಕೆಳಗೆ, ಫ್ಲ್ಯಾಷರ್ ಮತ್ತು ಫ್ಲೈ. ಫ್ಲ್ಯಾಷರ್ ಅಂದರೆ ಎಂಟರಿಂದ ಹನ್ನೊಂದು ಇಂಚಿನ ಪ್ಲಾಸ್ಟಿಕ್ ಹಲಗೆ, ನೀರಲ್ಲಿ ಸುತ್ತುತ್ತಾ ಮಿಂಚುತ್ತದೆ, ಅದಕ್ಕೆ ಕೊಕ್ಕೆಯೇ ಇಲ್ಲ. ಸುಮಾರು ಎರಡಡಿ ದಪ್ಪ ದಾರದ ಕೊನೆಗೆ ಮಿಣಿಮಿಣಿ ಎಳೆಗಳ ಫ್ಲೈ, ಅದರೊಳಗೆ ಕೊಕ್ಕೆ. ಆ ಎರಡಡಿಯನ್ನು ಮೂರ್ನಾಲ್ಕು ಇಂಚು ಹೆಚ್ಚುಕಮ್ಮಿ ಮಾಡಿದರೆ ಫ್ಲೈಯ ಕುಣಿತವೇ ಬದಲಾಗುತ್ತದೆ. ಕಚ್ಚದ ದಿನ ಬಣ್ಣ ಬದಲಿಸುವ ಮೊದಲು ಇದನ್ನು ಬದಲಿಸು. ಫ್ಲೈಯ ಜಾಗದಲ್ಲಿ ಹೆರಿಂಗ್ ಮೀನಿನ ಪಟ್ಟಿ ಹಾಕುವುದಕ್ಕೆ ಬರೀ ‘ಮೀಟ್’ ಅನ್ನುತ್ತಾರೆ. ಕೈ ನಾರುತ್ತದೆ, ನಿನಗೆ ಅದೇನೂ ಹೊಸತಲ್ಲ.

ಡೌನ್‌ರಿಗ್ಗರಿನಿಂದ ಬೋಟಿನ ಕೆಳಗಷ್ಟೇ ಆಯಿತು. ಪಕ್ಕಕ್ಕೆ ಹರಡಲು ಡಿಪ್ಸಿ ಡೈವರ್: ತಟ್ಟೆಯಾಕಾರದ ಮುಳುಗುಬಿಲ್ಲೆ, ಅಡಿಯಲ್ಲಿ 1, 2, 3 ಅಂಕಿ. ಅಂಕಿ ಹೆಚ್ಚಿದಷ್ಟು ಬೋಟಿನಿಂದ ಆಚೆ ಸರಿಯುತ್ತದೆ, ಆಳ ಕಮ್ಮಿಯಾಗುತ್ತದೆ. ಇದಕ್ಕೆ ಒಂಬತ್ತು-ಹತ್ತಡಿಯ ಗಟ್ಟಿ ರಾಡ್, ಎಷ್ಟಡಿ ದಾರ ಹೋಯಿತೆಂದು ತೋರಿಸುವ ಕೌಂಟರ್ ರೀಲ್ ಬೇಕೇ ಬೇಕು. ಇಲ್ಲದಿದ್ದರೆ ಮೀನು ಕಚ್ಚಿದ ಜಾಗಕ್ಕೆ ಮತ್ತೆ ಇಳಿಸಲಾಗದು. ಇನ್ನೂ ದೂರಕ್ಕೆ ತಾಮ್ರದ ದಾರ, ಸೀಸದೆಳೆಯ ಲೆಡ್‌ಕೋರ್ ಇವೆ. ಲೆಡ್‌ಕೋರಿನ ಬಣ್ಣ ಮೂವತ್ತಡಿಗೊಮ್ಮೆ ಬದಲಾಗುತ್ತದೆ; ಹತ್ತು ಬಣ್ಣದ, ಅಂದರೆ ಮುನ್ನೂರು ಅಡಿ ಬಿಟ್ಟರೆ ಸುಮಾರು ಐವತ್ತಡಿ ಇಳಿಯುತ್ತದೆ, ಅಷ್ಟೇ ಉದ್ದದ ತಾಮ್ರ ಅದಕ್ಕಿಂತ ಇನ್ನಷ್ಟು ಕೆಳಗೆ. ಮೊದಲ ವರ್ಷಕ್ಕೆ ಇವೆರಡನ್ನೂ ಮರೆತುಬಿಡು.

ಜುಲೈ-ಆಗಸ್ಟಿನಲ್ಲಿ ಒಂದು ಕಾಟವಿದೆ, ವಾಟರ್ ಫ್ಲೀ. ಉದ್ದ ಬಾಲದ ಸಣ್ಣ ಹುಳ, 1998ರಲ್ಲಿ ಈ ಸರೋವರದಲ್ಲಿ ಒಂದು ಜಾತಿ ಕಾಣಿಸಿಕೊಂಡಿತು. ದಾರಕ್ಕೆ ಕೊಕ್ಕೆಯಾಗಿ ಸಿಕ್ಕಿಕೊಂಡು ಒದ್ದೆ ಹತ್ತಿಯ ಹಾಗೆ ಮುದ್ದೆಗಟ್ಟುತ್ತದೆ. ಮೀನು ಎಳೆಯುವಾಗ ಆ ಮುದ್ದೆ ರಾಡಿನ ತುದಿಯ ಬಳೆಗೆ ಬಂದು ಸಿಲುಕಿದರೆ ದಾರ ಒಂದಿಂಚೂ ಒಳಬರದು. ಪಕ್ಕದವನು ಕೈಚಾಚಿ ಬೆರಳಲ್ಲಿ ಬಿಡಿಸುತ್ತಿರಬೇಕು. ಮೀನು ಹತ್ತಿರ ಬಂದಾಗಲೇ ಇದು ಆಗುವುದು. ಆ ಎರಡು ತಿಂಗಳು ಸಣ್ಣ ದಾರ ಬಿಟ್ಟು ದಪ್ಪ ದಾರ ಹಾಕಿದರೆ ಅಂಟುವುದು ಕಡಿಮೆ.

ಊರಲ್ಲಿ ಜೂನ್-ಜುಲೈ ಮಳೆಗಾಲದ ನಿಷೇಧಕ್ಕೆ ಬೋಟುಗಳೆಲ್ಲ ದಕ್ಕೆಯಲ್ಲಿ ಕಟ್ಟಿರುತ್ತವಲ್ಲ, ಇಲ್ಲಿ ಅದೇ ಹೊತ್ತಿಗೆ ಭರಾಟೆ. ಏಪ್ರಿಲ್-ಮೇಯಲ್ಲಿ ನೀರೆಲ್ಲ ತಣ್ಣಗೆ, ದಡದ ಹತ್ತಿರ ಬೇಗ ಬೆಚ್ಚಗಾಗುವಲ್ಲಿ ಬ್ರೌನ್ ಟ್ರೌಟ್ ಎಂಬ ಮೀನು, ಕೋಹೋ. ಕಿಂಗ್‌ಗಳು ನಯಾಗರ ನದಿ ಸೇರುವ ಕಡೆ, ಸರೋವರದ ಪಶ್ಚಿಮ ತುದಿಯಲ್ಲಿ. ಜುಲೈಯಲ್ಲಿ ನೂರರಿಂದ ಇನ್ನೂರಡಿ ನೀರಿಗೆ ಹೋಗಬೇಕು. ಆಗಸ್ಟ್ ಕೊನೆಗೆ ಮೊಟ್ಟೆಯಿಡಲು ಕ್ರೆಡಿಟ್, ಬ್ರಾಂಟೆ, ಗನರಾಸ್ಕ ನದಿಗಳ ಬಾಯಿಗೆ ಬಂದು ಸೇರುತ್ತವೆ. ಆಗ ಅವು ಹಸಿವಿಗೆ ಕಚ್ಚುವುದಕ್ಕಿಂತ ಸಿಟ್ಟಿಗೆ ಕಚ್ಚುವುದೇ ಹೆಚ್ಚು, ಜೆ-ಪ್ಲಗ್ ಎಂಬ ಒದ್ದಾಡುವ ಮರಿಮೀನಿನಂಥ ಗಾಳ ನಡೆಯುತ್ತದೆ. ಗಾಳಿ ನೋಡುವುದು ನಿನಗೆ ಅಪ್ಪನಿಂದ ಬಂದಿರುತ್ತದೆ. ಇಲ್ಲಿಯ ಲೆಕ್ಕ ಹೀಗೆ: ಪಶ್ಚಿಮದ ಗಾಳಿ ಎರಡು ದಿನ ಬಲವಾಗಿ ಬೀಸಿದರೆ ಟೊರೊಂಟೊ ಬದಿಯ ಬೆಚ್ಚನೆ ನೀರು ಆಚೆ ಸರಿದು ಕೆಳಗಿನ ತಣ್ಣೀರು ಮೇಲೆ ಬರುತ್ತದೆ, ಮೀನೂ ದಡಕ್ಕೆ ಹತ್ತಿರ. ಪೂರ್ವದ ಗಾಳಿಗೆ ಬೆಚ್ಚನೆ ನೀರು ಈ ದಡಕ್ಕೆ ಬಂದು ಗುಡ್ಡೆ ಬೀಳುತ್ತದೆ, ಮೀನು ಆಳಕ್ಕೆ. ಇಳಿತ-ಭರತದ ಗೊಡವೆಯಿಲ್ಲ. ಅಲೆ ಮಾತ್ರ ಗಿಡ್ಡ, ಒತ್ತೊತ್ತಾಗಿ ಬರುತ್ತದೆ. ಅರಬ್ಬಿ ಸಮುದ್ರ ಕಂಡವನೂ ಇಲ್ಲಿ ವಾಂತಿ ಮಾಡುವುದುಂಟು. ಮೇಯಲ್ಲಿ ನೀರಿಗೆ ಬಿದ್ದರೆ ಈಜು ಬಂದರೂ ಪ್ರಯೋಜನವಿಲ್ಲ, ಚಳಿಯೇ ಕೊಲ್ಲುತ್ತದೆ. ಲೈಫ್ ಜಾಕೆಟ್ ಮೈಮೇಲಿರಬೇಕು, ಸೀಟಿನಡಿಯಲ್ಲಲ್ಲ.

ಕಿಂಗ್ ಕಚ್ಚಿದಾಗ ಜಗ್ಗಬೇಡ. ರಾಡ್ ಮೇಲೆತ್ತಿ ಹಿಡಿ, ಓಡಲು ಬಿಡು. ನೂರು ಗಜ ದಾರ ಎಳೆದುಕೊಂಡು ಹೋದರೂ ಡ್ರ್ಯಾಗ್ (ರೀಲಿನ ಬ್ರೇಕು) ಬಿಗಿಮಾಡಲು ಹೋಗಬೇಡ, ಬೋಟೂ ನಿಲ್ಲಕೂಡದು. ಕೊನೆಗೆ ಹಿಂದೆ ಹಿಂದೆ ನಡೆಯುತ್ತಾ ಮೀನನ್ನು ಬಲೆಯ ಕಡೆ ತರಬೇಕು, ತಲೆ ಮೊದಲು. ಗಂಟು ಅಪ್ಪ ಕಲಿಸಿದ್ದೇ ಸಾಕು, ಬಿಗಿಯುವ ಮುನ್ನ ಎಂಜಲು ಹಚ್ಚಿಕೋ.

ಈಗ ನಿನ್ನ ದಾರಿಗೆ ಬರೋಣ. ಮೊದಲು ನಾಲ್ಕು ಜನ ಸೇರಿ ಒಂದು ಚಾರ್ಟರ್ ಬೋಟಿಗೆ, ಅಂದರೆ ಕ್ಯಾಪ್ಟನ್ ಸಮೇತ ಬಾಡಿಗೆಗೆ ಸಿಗುವ ಬೋಟಿಗೆ, ದುಡ್ಡು ಹಾಕಿ. ಮೀನಿಗಿಂತ ಕ್ಯಾಪ್ಟನ್ ಕೈಯನ್ನು ನೋಡು, ಕೇಳಿದರೆ ಹೇಳಿಕೊಡುತ್ತಾರೆ. ಬಾಳೆಹಣ್ಣು ಮಾತ್ರ ಕೊಂಡೊಯ್ಯಬೇಡ, ಬೋಟಿಗೆ ಅಪಶಕುನ ಎಂದು ಬಹಳ ಕ್ಯಾಪ್ಟನ್‌ಗಳು ನಂಬುತ್ತಾರೆ; ನಾವು ಪೂಜೆಗೆ ಇಡುವುದನ್ನು ಅವರು ನೀರಿಗೆಸೆಯುತ್ತಾರೆ. ಆಮೇಲೆ ಮರೀನಾದಲ್ಲಿ ಮಾತಾಡಿಸು, ಕೈಗೆ ಜನ ಬೇಕೇ ಎಂದು ಕೇಳು. ಇಲ್ಲಿಯವರು ತಾವಾಗಿ ಬಂದು ಕರೆಯುವುದಿಲ್ಲ, ಕೇಳಿದರೆ ಬೇಡವೆನ್ನುವುದೂ ಕಡಿಮೆ. ನಾಲ್ಕೂವರೆಗೆ ಎಂದರೆ ನಾಲ್ಕೂಕಾಲಿಗೆ ಹಾಜರಿರು, ಪೆಟ್ರೋಲಿಗೆ ಪಾಲು ಕೊಡು, ವಾಪಸು ಬಂದ ಮೇಲೆ ಬೋಟು ತೊಳೆಯದೆ ಹೊರಡಬೇಡ. ಮುಂದಿನ ವಾರ ಫೋನು ಅಲ್ಲಿಂದಲೇ ಬರುತ್ತದೆ. ಯಾವ ಜಾಗ ಎಂದು ಕೆದಕಬೇಡ, ಎಷ್ಟಡಿ ನೀರು, ಎಷ್ಟು ಕೆಳಗೆ ಎಂದಷ್ಟೇ ಕೇಳು. ಅದನ್ನು ಯಾರೂ ಮುಚ್ಚಿಡುವುದಿಲ್ಲ. ನಿನ್ನ ವಾರಾಂತ್ಯದ ಸಮಸ್ಯೆ ಅರ್ಧ ಅಲ್ಲೇ ಮುಗಿಯುತ್ತದೆ.

ಕಾಗದಪತ್ರ: ಆರು ತಿಂಗಳು ಸತತ ಒಂಟಾರಿಯೊದಲ್ಲಿ ಇದ್ದೀಯಲ್ಲ, ರೆಸಿಡೆಂಟ್ ಲೈಸೆನ್ಸೇ ಸಿಗುತ್ತದೆ. ಔಟ್‌ಡೋರ್ಸ್ ಕಾರ್ಡ್ ಮಾಡಿಸಿ ಅದರ ಮೇಲೆ ಫಿಶಿಂಗ್ ಲೈಸೆನ್ಸ್ ತೆಗೆದುಕೋ, ಚಾರ್ಟರ್‌ನಲ್ಲಿ ಹೋದರೂ ಬೇಕು. ಬೋಟಿನಲ್ಲಿದ್ದರೆ ಈ ಸರೋವರದಲ್ಲಿ ತಲೆಗೆ ಎರಡು ಗಾಳ. ಎಷ್ಟು ಮೀನು ಇಟ್ಟುಕೊಳ್ಳಬಹುದು ಎಂಬುದನ್ನು ಆ ವರ್ಷದ ನಿಯಮದಲ್ಲಿ, 20ನೇ ವಲಯದ ಪುಟದಲ್ಲಿ ನೋಡು. ಹಿಡಿದದ್ದನ್ನು ಮಾರುವ ಹಾಗಿಲ್ಲ. ಎಂಜಿನ್ ಬೋಟು ಓಡಿಸಲು ಪ್ಲೆಷರ್ ಕ್ರಾಫ್ಟ್ ಕಾರ್ಡ್ ಬೇಕು, ಮನೆಯಲ್ಲೇ ಕೂತು ಪರೀಕ್ಷೆ ಬರೆಯಬಹುದು, ಈ ತಿಂಗಳೇ ಬರೆ. ಮತ್ತೆ, ಅಮೆರಿಕದ ಗಡಿ ಸರೋವರದ ನಡುವೆ ಹಾದುಹೋಗುತ್ತದೆ. ನಯಾಗರ ಕಡೆ ಮೀನು ಅಟ್ಟಿಸಿಕೊಂಡು ಹೋಗುವಾಗ ಅದು ಕಣ್ಣಿಗೆ ಕಾಣುವುದಿಲ್ಲ, ಜಿಪಿಎಸ್‌ನಲ್ಲಷ್ಟೇ ಇರುತ್ತದೆ. ಆಚೆ ನ್ಯೂಯಾರ್ಕಿನ ಲೈಸೆನ್ಸ್ ಬೇಕು. ವರ್ಕ್ ಪರ್ಮಿಟ್‌ನಲ್ಲಿರುವ ನೀನು ಆ ಗೆರೆಯ ಹತ್ತಿರವೂ ಸುಳಿಯದಿರುವುದು ಕ್ಷೇಮ.

ತಿನ್ನುವ ವಿಷಯ. ಈ ನೀರಿನ ದೊಡ್ಡ ಮೀನುಗಳ ಕೊಬ್ಬಿನಲ್ಲಿ ಪಿಸಿಬಿ ಎಂಬ ಹಳೇ ಕಾರ್ಖಾನೆ ವಿಷ, ಮಾಂಸದಲ್ಲಿ ಪಾದರಸ ಇರುತ್ತದೆ. ಮೀನು ದೊಡ್ಡದಾದಷ್ಟು ಹೆಚ್ಚು. ಒಂಟಾರಿಯೊ ಸರಕಾರ ಯಾವ ಭಾಗದ, ಯಾವ ಜಾತಿಯ, ಎಷ್ಟು ಉದ್ದದ ಮೀನನ್ನು ತಿಂಗಳಿಗೆ ಎಷ್ಟು ಸಲ ತಿನ್ನಬಹುದು ಎಂದು ಪಟ್ಟಿ ಕೊಟ್ಟಿದೆ. ಮಕ್ಕಳಾಗುವ ವಯಸ್ಸಿನ ಹೆಂಗಸರಿಗೂ ಹದಿನೈದರೊಳಗಿನ ಮಕ್ಕಳಿಗೂ ಬೇರೆ ಲೆಕ್ಕ, ಅದು ಬಿಗಿ. ನಿನ್ನ ಹೆಂಡತಿಗೆ ಹೆರಿಗೆಯಾಗಿ ಮಗು ಎದೆಹಾಲು ಬಿಡುವವರೆಗೆ ಸರೋವರದ ಕಿಂಗ್ ಬೇಡವೇ ಬೇಡ ಎನ್ನುತ್ತೇನೆ ನಾನು. ಪಟ್ಟಿ ತೋರಿಸಿ ಡಾಕ್ಟರನ್ನೂ ಕೇಳು. ನಿನಗಾದರೆ ಐದಾರು ಪೌಂಡಿನ ಚಿಕ್ಕದನ್ನು ಇಟ್ಟುಕೋ, ಜೂನ್-ಜುಲೈಯದು. ಹಿಡಿದ ಕೂಡಲೇ ರಕ್ತ ಬಸಿದು ಐಸಿಗೆ ಹಾಕು. ಚರ್ಮ, ಹೊಟ್ಟೆ ಮತ್ತು ಬೆನ್ನಿನ ಕೊಬ್ಬು, ಪಕ್ಕೆಯುದ್ದದ ಕಂದು ಪಟ್ಟಿ ತೆಗೆದು ಬಿಸಾಡು. ಸೆಪ್ಟೆಂಬರಿನಲ್ಲಿ ನೀನು ನೋಡಿದ ಕಪ್ಪಗಾದ ಮೀನಿನ ಮಾಂಸ ಬಿಳಿಚಿ ಸಪ್ಪೆಯಾಗಿರುತ್ತದೆ, ಅದನ್ನು ಬಿಡುವುದೇ ಒಳ್ಳೆಯದು. ಕೊಬ್ಬಿನ ಮೀನಾದ್ದರಿಂದ ತೆಂಗಿನಕಾಯಿ ಹಾಕಿದ ಗಸಿಗೆ ಜಿಡ್ಡು ಹೆಚ್ಚಾಗುತ್ತದೆ. ಪುಳಿಮುಂಚಿ ಮಾಡು, ಹುಣಸೆ ಸ್ವಲ್ಪ ಮುಂದಿರಲಿ, ಹೋಳು ದಪ್ಪಗೆ ಕೊಯ್ದು ಕೊನೆಗೆ ಹಾಕು. ಐದು ನಿಮಿಷಕ್ಕಿಂತ ಹೆಚ್ಚು ಕುದಿಸಿದರೆ ಪುಡಿಯಾಗುತ್ತದೆ.